ತಂಗಿಯ ಇಂಜಿನಿಯರಿಂಗ್ ಫೀಸಿಗೆ ಖಾಸಗಿ ಫೈನಾನ್ಸ್ ಸಾಲ ತಗೊಳ್ಳಬಹುದಾ?

ಅಣ್ಣಾ, ನಿಮ್ಮ ತಂಗಿಗೆ ಸಿಇಟಿಯಲ್ಲಿ ಬೆಂಗಳೂರಿನ ಕಾಲೇಜು ಸಿಕ್ಕಿದೆ. ನಾಲ್ಕು ವರ್ಷಕ್ಕೆ ಆರು ಲಕ್ಷ ಬೇಕು. ಬ್ಯಾಂಕಿನವರು ಮೂರು ವಾರದಿಂದ ಓಡಾಡಿಸುತ್ತಿದ್ದಾರೆ, ಫೈನಾನ್ಸ್ ಕಂಪನಿಯವರು ಒಂದೇ ವಾರದಲ್ಲಿ ದುಡ್ಡು ಕೊಡುತ್ತೇವೆ ಅನ್ನುತ್ತಿದ್ದಾರೆ. ತಗೊಳ್ಳಲೇ, ಬೇಡವೇ ಅಂತ ಕೇಳಿದ್ದೀರಿ.

ನಾನು ಸಿಂಧನೂರು ತಾಲ್ಲೂಕಿನವನು. 2019ರಲ್ಲಿ ನಮ್ಮ ಮನೆಯಲ್ಲೂ ಇದೇ ಪರಿಸ್ಥಿತಿ ಇತ್ತು. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಿಂದ ನನಗೆ ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೀಟೇನೋ ಸಿಕ್ಕಿತು, ಫೀಸಿಗೆ ದುಡ್ಡಿರಲಿಲ್ಲ. ನಾವು ಖಾಸಗಿ ಸಾಲ ತಗೊಂಡೆವು. ಇವತ್ತಿಗೂ ಕಟ್ಟುತ್ತಿದ್ದೇನೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಬ್ಯಾಂಕಿಗೆ ಇನ್ನೊಂದು ಸಲ ಸರಿಯಾಗಿ ತಯಾರಾಗಿ ಹೋಗಿ. ಅಲ್ಲಿ ಎಷ್ಟು ಕಡಿಮೆ ಬೀಳುತ್ತದೋ ಅಷ್ಟಕ್ಕೆ ಮಾತ್ರ ಖಾಸಗಿಯವರ ಹತ್ತಿರ ಹೋಗಿ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ನಾಲ್ಕು ಎಕರೆ ಭತ್ತದ ಗದ್ದೆ. ಓದುವಾಗ ಬರೀ ಬಡ್ಡಿ ಕಟ್ಟಿದರೆ ಸಾಕು ಅಂತ ಕಂಪನಿಯವರು ಹೇಳಿದರು. ಬಡ್ಡಿ ಶೇಕಡ 12.5. ಮೊದಲ ವರ್ಷ ಒಂದೂವರೆ ಲಕ್ಷ ಬಿಡುಗಡೆಯಾಯಿತು, ತಿಂಗಳಿಗೆ ಸುಮಾರು 1,560 ರೂಪಾಯಿ ಬಡ್ಡಿ. ಅಪ್ಪ ಅದಕ್ಕೇನೂ ಹೆದರಲಿಲ್ಲ. ಆದರೆ ಪ್ರತಿ ವರ್ಷ ಇನ್ನೊಂದು ಒಂದೂವರೆ ಲಕ್ಷ ಸೇರುತ್ತಿತ್ತಲ್ವಾ? ಎರಡನೇ ವರ್ಷ ತಿಂಗಳಿಗೆ 3,125 ಆಯಿತು. ಮೂರನೇ ವರ್ಷ 4,690. ಕೊನೆಯ ವರ್ಷ 6,250.

ಭತ್ತದ ದುಡ್ಡು ಬರುವುದು ವರ್ಷಕ್ಕೆ ಎರಡು ಸಲ, ಅದೂ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಟ್ಟರೆ. ಬಡ್ಡಿ ಮಾತ್ರ ಪ್ರತಿ ತಿಂಗಳು ಐದನೇ ತಾರೀಖಿಗೆ ಕಟ್ಟಬೇಕು. ನಡುವಿನ ತಿಂಗಳುಗಳಲ್ಲಿ ಅಪ್ಪ ದಲಾಲಿ ಅಂಗಡಿಯಿಂದ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ತಂದು ಕಟ್ಟುತ್ತಿದ್ದರು. ಅಂದರೆ ವರ್ಷಕ್ಕೆ ಶೇಕಡ 24. ಆಮೇಲೆ ಮಾಲೂ ಅದೇ ಅಂಗಡಿಗೇ ಹಾಕಬೇಕು, ಅವರು ಹೇಳಿದ ರೇಟಿಗೆ. ಇದು ನನಗೆ ಗೊತ್ತಾಗಿದ್ದು ಮೂರನೇ ವರ್ಷ ದಸರಾ ರಜೆಗೆ ಊರಿಗೆ ಹೋದಾಗ, ಅಂಗಡಿಯ ಚೀಟಿ ಕಣ್ಣಿಗೆ ಬಿದ್ದು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

2023ರಲ್ಲಿ ಕೋರ್ಸ್ ಮುಗಿಯಿತು. ಆರು ತಿಂಗಳಿಗೇ ಪೂರ್ತಿ ಕಂತು ಶುರು, ಏಳು ವರ್ಷದ ಲೆಕ್ಕದಲ್ಲಿ ತಿಂಗಳಿಗೆ 10,750. ಅದೇ ವರ್ಷ ಬರ. ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಬರಲಿಲ್ಲ. ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಎರಡು ಎಮ್ಮೆ ಮಾರಿ ಕಂತು ಕಟ್ಟಿದೆವು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇದರಲ್ಲಿ ಬಹುಪಾಲು ತಪ್ಪಿಸಬಹುದಿತ್ತು. ಬ್ಯಾಂಕಿನಲ್ಲಿ ನಮಗೆ ಹೊಲದ ಪಹಣಿ ತನ್ನಿ, ಅಡವಿಡಬೇಕು ಅಂದಿದ್ದರು. ಅಪ್ಪ ಹೊಲದ ಕಾಗದ ಕೊಡಲು ಒಪ್ಪದೆ ವಾಪಸ್ ಬಂದುಬಿಟ್ಟರು. ಆದರೆ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರ ಸರ್ಕಾರದ ಗ್ಯಾರಂಟಿ ನಿಧಿ ಇದೆ. ಆ ಯೋಜನೆಯಡಿ ಕೊಡುವ ಸಾಲಕ್ಕೆ ಅಡಮಾನವೂ ಬೇಡ, ಹೊರಗಿನವರ ಜಾಮೀನೂ ಬೇಡ. ನಿಮಗೆ ಬೇಕಿರುವುದು ಆರು ಲಕ್ಷ. ಮ್ಯಾನೇಜರ್ ಎದುರು ಕೂತು ಈ ಮಾತನ್ನು ಹೇಳಿ.

ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ. ಅಲ್ಲಿಯವರೆಗೆ ಸರಳ ಬಡ್ಡಿ, ಬಡ್ಡಿಗೆ ಬಡ್ಡಿ ಇಲ್ಲ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದು, ಕಾಲೇಜಿಗೆ ಗುಣಮಟ್ಟ ಪರಿಶೀಲಿಸುವ ನ್ಯಾಕ್ ಇಲ್ಲವೇ ಎನ್‌ಬಿಎ ಮಾನ್ಯತೆ ಇದ್ದರೆ ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಆ ಅವಧಿಯ ಬಡ್ಡಿಯನ್ನು ಕೇಂದ್ರವೇ ತುಂಬುವ ಯೋಜನೆ ಇದೆ. ನನ್ನ ಸಾಲಕ್ಕೆ ಶೇಕಡ 9.5ರಂತೆ ಲೆಕ್ಕ ಹಾಕಿ ನೋಡಿದೆ, ಐದು ವರ್ಷಕ್ಕೆ ಸುಮಾರು ಎರಡು ಲಕ್ಷ! ಖಾಸಗಿ ಫೈನಾನ್ಸ್ ಸಾಲಕ್ಕೆ ಈ ಸೌಲಭ್ಯ ಇಲ್ಲ. ನಮಗೆ ಇದು ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ಹಾಗಾಗಿ ನಾಳೆಯೇ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣ ಪತ್ರ ಮಾಡಿಸಿ. ಅಪ್ಪನ ಬೆಳೆಸಾಲ ರಿನ್ಯೂವಲ್ ಆಗದೆ ಬಾಕಿ ಬಿದ್ದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ನಮ್ಮ ಕಡೆ ಎಷ್ಟೋ ಅರ್ಜಿ ನಿಲ್ಲುವುದು ಅಲ್ಲೇ. ಬಾಯಿಮಾತಲ್ಲಿ ಕೇಳಿ ಸುಮ್ನೆ ಬರಬೇಡಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ನಂಬರು, ತಾರೀಖು ಎರಡೂ ನಿಮ್ಮ ಕೈಯಲ್ಲಿರುತ್ತವೆ. ಕೊಡುವುದಿಲ್ಲ ಅಂದರೆ ಕಾರಣವನ್ನು ಬರೆದು ಕೊಡಿ ಅನ್ನಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಿ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೂ ಇದೆ. ಅದು ಆಯ್ದ ಕಾಲೇಜುಗಳಿಗೆ ಮಾತ್ರ, ತಂಗಿಯ ಕಾಲೇಜು ಪಟ್ಟಿಯಲ್ಲಿದೆಯಾ ನೋಡಿ. ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತರಾಗಿದ್ದರೆ ರಾಜ್ಯ ಸರ್ಕಾರದ ಆಯಾ ನಿಗಮ ಓದಿಗೆ ಕೊಡುವ ಅರಿವು ಸಾಲವನ್ನೂ ವಿಚಾರಿಸಿ.

ಖಾಸಗಿ ಸಾಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದು ಇಲ್ಲದಿದ್ದರೆ ನನ್ನ ಸೀಟೇ ಹೋಗುತ್ತಿತ್ತು. ಫೀಸು ಕಟ್ಟುವ ಕೊನೇ ದಿನ ಬಂತು, ಬ್ಯಾಂಕಿನದು ಇನ್ನೂ ಆಗಿಲ್ಲ ಅಂದಾಗ ಅದೇ ಕೈ ಹಿಡಿಯುತ್ತದೆ. ಆದರೆ ಆಗಲೂ ಮೊದಲ ವರ್ಷಕ್ಕೆ ಬೇಕಾದಷ್ಟನ್ನೇ ಕೇಳಿ. ಮುಂದಿನ ವರ್ಷಕ್ಕೆ ಬ್ಯಾಂಕಿನ ಅರ್ಜಿ ಮುಂದುವರಿಸಿ. ಸಹಿ ಹಾಕುವ ಮೊದಲು ಸಾಲದ ಮುಖ್ಯ ವಿವರಗಳ ಪತ್ರ ಕೇಳಿ. 2024ರ ಅಕ್ಟೋಬರಿನಿಂದ ಅದನ್ನು ಕೊಡುವುದು ಕಡ್ಡಾಯ, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲೇ ಕೊಡಿ ಅನ್ನಿ, ಅಪ್ಪನಿಗೆ ಓದಿ ಹೇಳಿ. ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲ ಸೇರಿ ನಿಜವಾಗಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ಅದರಲ್ಲಿ ಇರುತ್ತದೆ.

ಬದಲಾಗುವ ಬಡ್ಡಿ ದರದ ಸಾಲವನ್ನೇ ತಗೊಳ್ಳಿ. ಓದಿಗಾಗಿ ತಗೊಂಡ ಅಂಥ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಭತ್ತ ಮಾರಿದ ವಾರ ಕೈಯಲ್ಲಿ ಉಳಿದಷ್ಟನ್ನು ಅಸಲಿಗೆ ಕಟ್ಟಿಬಿಡಬಹುದು. ನಾನು ಕೆಲಸಕ್ಕೆ ಸೇರಿದ ಮೇಲೆ ಹಾಗೇ ಮಾಡುತ್ತಿದ್ದೇನೆ.

ತಿಂಗಳ ಬಡ್ಡಿ ಎಲ್ಲಿಂದ ಬರುತ್ತಿದೆ ಅನ್ನುವುದು ತಂಗಿಗೂ ಮೊದಲ ದಿನದಿಂದ ಗೊತ್ತಿರಲಿ, ದಯವಿಟ್ಟು ಮುಚ್ಚಿಡಬೇಡಿ. ಕಾಲೇಜಿನ ಹೆಸರು, ಆದಾಯ ಪತ್ರದಲ್ಲಿರುವ ಮೊತ್ತ, ಕಂಪನಿಯವರು ಹೇಳಿದ ಬಡ್ಡಿ ದರ ಈ ಮೂರನ್ನೂ ಕೆಳಗೆ ಬರೆಯಿರಿ. ಯಾವ ವರ್ಷ ತಿಂಗಳಿಗೆ ಎಷ್ಟು ಬೀಳುತ್ತದೆ ಅಂತ ಕೂತು ಲೆಕ್ಕ ಹಾಕಿ ಹೇಳುತ್ತೇನೆ.