ಕಿವಿ ಸೋರಿ ನಿಂತ ಮೇಲೆ ಕಿವಿ ಹಿಂದೆ ಊದಿಕೊಂಡಿದೆ, ಸೋಮವಾರದವರೆಗೆ ಕಾಯಬಹುದಾ?

ಹೊಸನಗರದ ಕಡೆಯವರು ನೀವು. ಮೂರು ವರ್ಷದ ಮಗನಿಗೆ ಶೀತ ಆಗಿ ಕಿವಿ ಸೋರುತ್ತಿತ್ತು, ಈಗ ಸೋರೋದು ನಿಂತು ಕಿವಿ ಹಿಂದೆ ಕೆಂಪಗೆ ಊದಿದೆ, ಮನೆಯವರು ಮಂಗನಬಾವು ಅಂತಿದ್ದಾರೆ, ಸೋಮವಾರ ತೋರಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು, ಇವತ್ತೇ ಹೊರಡಿ.

ನಾನು ಡಾಕ್ಟರಲ್ಲ. ತೀರ್ಥಹಳ್ಳಿಯಲ್ಲಿ ನನ್ನ ತಂಗಿ ಮಗನಿಗೆ ಇದೇ ಆಗಿತ್ತು, ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನು.

ಮಂಗನಬಾವಿನ ಊತ ಕಿವಿಯ ಮುಂದೆ, ಕೆಳಗೆ, ದವಡೆ ಹತ್ತಿರ ಬರುತ್ತೆ. ತಲೆಯಲ್ಲಿ ಹುಣ್ಣು, ಹೇನು ಇದ್ದರೆ ಕಿವಿ ಹಿಂದೆ ಸಣ್ಣ ಗಂಟು ಬರೋದುಂಟು, ಆದರೆ ಕಿವಿ ತನ್ನ ಜಾಗದಲ್ಲೇ ಇರುತ್ತೆ. ಮಗುವಿನ ಹಿಂದೆ ನಿಂತು ಎರಡೂ ಕಿವಿ ಹೋಲಿಸಿ ನೋಡಿ. ಒಂದು ಕಿವಿ ಮುಂದಕ್ಕೆ ತಳ್ಳಿದ ಹಾಗೆ ಎದ್ದು ನಿಂತಿದ್ದು, ಹಿಂದಿನ ಮೂಳೆ ಮುಟ್ಟಿದರೆ ಕಿರುಚಿದರೆ ಮಾಸ್ಟಾಯ್ಡೈಟಿಸ್, ಅಂದರೆ ಕಿವಿ ಹಿಂದಿನ ಮೂಳೆಯ ಸೋಂಕು, ಅಂತ ಅನುಮಾನ ಪಡಲೇಬೇಕು.

ಆ ಮೂಳೆಯೊಳಗೆ ಜೇನುತಟ್ಟಿಯಂಥ ಗಾಳಿಗೂಡುಗಳಿವೆ, ನಡುಗಿವಿಗೆ ದಾರಿಯೂ ಇದೆ. ಶೀತದಿಂದ ನಡುಗಿವಿಯಲ್ಲಿ ಕಟ್ಟಿದ ಕೀವು, ಸಾಮಾನ್ಯವಾಗಿ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ್ದು, ಅಲ್ಲಿಗೆ ನುಗ್ಗಿ ಮೂಳೆಯನ್ನೇ ತಿನ್ನುತ್ತೆ. ಸೋರೋದು ನಿಂತಿದ್ದನ್ನು ವಾಸಿಯಾಯ್ತು ಅಂದ್ಕೊಳ್ಳಬೇಡಿ. ಕೀವು ಹೊರಗೆ ಬರದೆ ಒಳಗೇ ಉಳಿದಿರಬಹುದು. ಮೆದುಳಿನ ಪೊರೆಗೂ ಅದಕ್ಕೂ ನಡುವೆ ಇರೋದು ತೆಳು ಮೂಳೆ. ಮುಖದ ನರವೂ ಪಕ್ಕದಲ್ಲೇ ಹಾದುಹೋಗುತ್ತೆ. ವಾಂತಿ, ಮಂಪರು, ಕುತ್ತಿಗೆ ಬಿಗಿತ, ಬಾಯಿ ಸೊಟ್ಟಗಾಗೋದು, ಇದರಲ್ಲಿ ಒಂದು ಕಂಡರೂ ಗಳಿಗೆ ತಡ ಮಾಡಬೇಡಿ.

ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ನಮ್ಮಲ್ಲಿ ಪ್ರತಿ ಮನೆಯಲ್ಲೂ ಇದೆ, ಗೊತ್ತು, ಆದರೆ ಕಿವಿಗೆ ಬಿಡಬೇಡಿ. ಸೋರಿದ ಕಿವಿಯ ತಮಟೆಯಲ್ಲಿ ತೂತಿರುತ್ತೆ, ಎಣ್ಣೆ ನೇರ ಒಳಗೆ ಹೋಗುತ್ತೆ. ಸೊಪ್ಪು ಅರೆದು ಹಚ್ಚೋದೂ ಬೇಡ. ಹಳೆ ಆಂಟಿಬಯೋಟಿಕ್ ಸಿರಪ್ ಕುಡಿಸಬೇಡಿ. ಜ್ವರ ಇಳಿದು ರೋಗ ಮರೆಯಾದ ಹಾಗೆ ಕಾಣುತ್ತೆ, ಅಷ್ಟೇ.

ಶಿವಮೊಗ್ಗಕ್ಕೇ ಹೋಗಿ. ಅಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗ ಇದೆ. ಅಡ್ಮಿಟ್ ಮಾಡಿಕೊಂಡು ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡ್ತಾರೆ, ಬೇಕೆನಿಸಿದರೆ ಸಿಟಿ ಸ್ಕ್ಯಾನ್ ಮಾಡ್ತಾರೆ. ಕೀವು ಗಟ್ಟಿಯಾಗಿ ಕಟ್ಟಿದ್ದರೆ ಅಥವಾ ಇಂಜೆಕ್ಷನ್‌ಗೆ ಬಗ್ಗದಿದ್ದರೆ ಆಪರೇಷನ್. ನಮ್ಮ ಹುಡುಗನಿಗೆ ತಮಟೆಯಲ್ಲಿ ಸಣ್ಣದಾಗಿ ಕೊಯ್ದು ಕೀವು ತೆಗೆದರು, ಮೂಳೆಗೆ ಕೈ ಹಾಕುವ ಪ್ರಮೇಯ ಬರಲಿಲ್ಲ. ಈಗ ಕಿವಿ ಚೆನ್ನಾಗೇ ಕೇಳುತ್ತೆ, ಕರೆದಾಗ ಬರಲ್ಲ, ಅದು ಬೇರೆ ವಿಷಯ.

ಲಸಿಕೆ ಕಾರ್ಡು, ಇಲ್ಲಿವರೆಗೆ ಕೊಟ್ಟ ಔಷಧಿ ಬಾಟಲಿಗಳು ಜೊತೆಗಿರಲಿ. ಕೊನೆಗೆ ಎಷ್ಟು ಗಂಟೆಗೆ ಊಟ ಮಾಡಿದ ಅಂತ ಕೇಳ್ತಾರೆ, ನೆನಪಿಟ್ಕೊಳ್ಳಿ.