ಗಡ್ಡೆ ತೆಗೆದ ಮೇಲೆ ಕರೆಂಟ್ ಕೊಡಿಸಲೇಬೇಕಾ?

ಪ್ರಶ್ನೆ: ನನಗೆ 68 ವರ್ಷ, ತಿಪಟೂರು ಹತ್ತಿರದ ಹಳ್ಳಿ. ಹೋದ ತಿಂಗಳು ಎಡ ಸ್ತನದ ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸಿದ್ದಾರೆ. ಗಡ್ಡೆ ಒಂದೂವರೆ ಸೆಂ.ಮೀ. ಇತ್ತು, ಕಂಕುಳಿಗೆ ಹರಡಿಲ್ಲ. ರಿಪೋರ್ಟಿನಲ್ಲಿ ಈಆರ್ ಪಾಸಿಟಿವ್, ಹರ್-2 ನೆಗೆಟಿವ್, ಗ್ರೇಡ್ 2 ಎಂದಿದೆ. ಐದು ವರ್ಷ ಹಾರ್ಮೋನ್ ಮಾತ್ರೆ ನುಂಗಬೇಕು, ರೇಡಿಯೇಷನ್ (ಕರೆಂಟ್) ಮಾತ್ರ ನಿಮಗೆ ಬಿಟ್ಟಿದ್ದು ಎಂದರು ಡಾಕ್ಟರು. ಮಗ ಮಾಡಿಸಿಬಿಡೋಣ ಅಂತಾನೆ, ಯಜಮಾನರು ಬೇಡ ಅಂತಾರೆ. ಪಕ್ಕದ ಮನೆಯವರಿಗೆ ಕರೆಂಟ್ ಕೊಟ್ಟಾಗ ಚರ್ಮ ಸುಲಿದಿತ್ತು. ನನಗೆ ಮೊದಲೇ ಮಂಡಿ ನೋವು. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಅಮ್ಮಾ, ನಿಮ್ಮಂಥ ರಿಪೋರ್ಟ್ ಇರುವವರಿಗೆ ನಿಜವಾಗಿಯೂ ಎರಡು ದಾರಿ ಇವೆ. ಡಾಕ್ಟರು ಹೇಳಿದ್ದು ಸರಿ. ಈಆರ್ ಪಾಸಿಟಿವ್ ಅಂದರೆ ಹೆಣ್ಣು ಹಾರ್ಮೋನಿನ ಬಲದಿಂದ ಬೆಳೆಯುವ ಕ್ಯಾನ್ಸರ್, ಆ ಬಲ ತಪ್ಪಿಸುವುದೇ ಮಾತ್ರೆಯ ಕೆಲಸ. ಹರ್-2 ನೆಗೆಟಿವ್ ಅಂದರೆ ಕ್ಯಾನ್ಸರನ್ನು ವೇಗವಾಗಿ ಬೆಳೆಸುವ ಆ ಹೆಸರಿನ ಪ್ರೋಟೀನ್ ಹೆಚ್ಚಿಲ್ಲ ಎಂದು. ಗ್ರೇಡ್ 2 ಅಂದರೆ ಮಧ್ಯಮ ದರ್ಜೆ.

ಬ್ರಿಟನ್ನಿನಲ್ಲಿ ಶುರುವಾದ ಪ್ರೈಮ್-2 ಎಂಬ ಅಧ್ಯಯನದಲ್ಲಿ 65 ದಾಟಿದ 1,326 ಮಹಿಳೆಯರಿದ್ದರು. ಗಡ್ಡೆ 3 ಸೆಂ.ಮೀ. ಮೀರಿರಲಿಲ್ಲ, ಕಂಕುಳಿಗೆ ಹರಡಿರಲಿಲ್ಲ, ಎಲ್ಲರಿಗೂ ಹಾರ್ಮೋನ್ ಮಾತ್ರೆ ಇತ್ತು. ಅರ್ಧ ಜನಕ್ಕೆ ರೇಡಿಯೇಷನ್ ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ. 10 ವರ್ಷದ ಫಲಿತಾಂಶ 2023ರಲ್ಲಿ ಬಂತು. ರೇಡಿಯೇಷನ್ ಇಲ್ಲದವರಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ್ದು ನೂರಕ್ಕೆ 9.5 ಮಂದಿಗೆ. ತೆಗೆದುಕೊಂಡವರಲ್ಲಿ ನೂರಕ್ಕೆ ಒಬ್ಬರಿಗೂ ಕಡಿಮೆ. ಆದರೆ ಬದುಕಿ ಉಳಿದವರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ನೂರಕ್ಕೆ 81ರ ಆಸುಪಾಸು. ಅಂದರೆ ನಿಮ್ಮ ವಿಷಯದಲ್ಲಿ ರೇಡಿಯೇಷನ್ ಆಯಸ್ಸು ಹೆಚ್ಚಿಸುವುದಿಲ್ಲ. ಅದೇ ಜಾಗಕ್ಕೆ ಮತ್ತೊಂದು ಆಪರೇಷನ್ ಬರುವ ಸಾಧ್ಯತೆಯನ್ನು ಚೆನ್ನಾಗಿ ತಗ್ಗಿಸುತ್ತದೆ. ಹಾಗೆ ಮರಳಿದರೆ ಬಹಳ ಸಲ ಸ್ತನವನ್ನೇ ತೆಗೆಯಬೇಕಾಗುತ್ತದೆ.

ಈಗ ಮಾತ್ರೆಯ ವಿಷಯ. ನನ್ನ ಪ್ರಕಾರ ನಿಮ್ಮ ತೀರ್ಮಾನ ನಿಂತಿರುವುದೇ ಇಲ್ಲಿ. ರೇಡಿಯೇಷನ್ ಬೇಡ ಅಂದರೆ ಮಾತ್ರೆಯನ್ನು ಐದು ವರ್ಷ, ದಿನಾ, ತಪ್ಪಿಸದೆ ನುಂಗುತ್ತೇನೆ ಎಂದು ಒಪ್ಪಿಕೊಂಡಂತೆ. ಮೊದಮೊದಲು ಹೆಚ್ಚಿನವರು ಶ್ರದ್ಧೆಯಿಂದ ನುಂಗುತ್ತಾರೆ. ಆಮೇಲೆ ಕೀಲು ನೋವು ಜಾಸ್ತಿಯಾಯಿತು ಎಂದು ಎಷ್ಟೋ ಜನ ಯಾರಿಗೂ ಹೇಳದೆ ಸುಮ್ನೆ ನಿಲ್ಲಿಸಿಬಿಡುತ್ತಾರೆ. ಲೆಟ್ರೋಜೋಲ್ ಥರದ ಹಾರ್ಮೋನ್ ಮಾತ್ರೆಗೆ ಕೀಲು ಹಿಡಿದುಕೊಳ್ಳುವುದು, ಮೂಳೆ ಸವೆಯುವುದು ಇದ್ದದ್ದೇ. ನಿಮಗೆ ಮೊದಲೇ ಮಂಡಿ ನೋವಿದೆ, ಅಲ್ವಾ? ರೇಡಿಯೇಷನ್ನೂ ಇಲ್ಲ, ಮಾತ್ರೆಯೂ ನಿಂತಿತು ಅಂತಾದರೆ ಮೇಲಿನ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಅಪಾಯ ಅದಕ್ಕಿಂತ ಹೆಚ್ಚು. ಹಾಗಂತ ರೇಡಿಯೇಷನ್ ಆಯಿತು, ಮಾತ್ರೆ ಬಿಡಬಹುದು ಎಂದುಕೊಳ್ಳಬೇಡಿ. ರೇಡಿಯೇಷನ್ ಕೆಲಸ ಮಾಡುವುದು ಆ ಸ್ತನಕ್ಕೆ ಮಾತ್ರ, ಮಾತ್ರೆ ಇಡೀ ದೇಹಕ್ಕೆ.

ಯಜಮಾನರ ಭಯ ನನಗೆ ಅರ್ಥವಾಗುತ್ತದೆ. ಕರೆಂಟ್ ಎಂಬ ಹೆಸರೇ ಹೆದರಿಸುತ್ತದೆ. ಆದರೆ ಇದರಲ್ಲಿ ಶಾಕ್ ಇಲ್ಲ. ಮಷಿನ್ ಕೆಳಗೆ ಮಲಗಿರುವಾಗ ನೋವೂ ಇಲ್ಲ. ದೇಹದಲ್ಲಿ ಏನೂ ಉಳಿಯುವುದಿಲ್ಲ, ಅದೇ ದಿನ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಚರ್ಮ ಕೆಂಪಾಗುವುದು, ಕಪ್ಪಾಗುವುದು, ಸುಸ್ತು ಇವು ಸಾಮಾನ್ಯ, ಕೆಲವು ವಾರಗಳಲ್ಲಿ ತಗ್ಗುತ್ತವೆ. ಕೆಲವರಿಗೆ ಚರ್ಮ ಸುಲಿಯುವುದೂ ಉಂಟು. ಸ್ತನ ಸ್ವಲ್ಪ ಗಟ್ಟಿಯಾಗಿ ಹಾಗೇ ಉಳಿಯಬಹುದು. ನಿಮ್ಮದು ಎಡಗಡೆ, ಹೃದಯ ಹತ್ತಿರ. ಅದಕ್ಕೇ ಉಸಿರು ಎಳೆದು ಹಿಡಿದುಕೊಂಡಿರುವಾಗ ಕಿರಣ ಬಿಡುವ ವಿಧಾನ ಇದೆ. ಆಗ ಹೃದಯ ಎದೆಗೂಡಿನ ಗೋಡೆಯಿಂದ ದೂರ ಸರಿಯುತ್ತದೆ. ಅದು ನಿಮ್ಮ ಆಸ್ಪತ್ರೆಯಲ್ಲಿ ಇದೆಯಾ ಎಂದು ಕೇಳಿ.

ಮೊದಲೆಲ್ಲ ಐದಾರು ವಾರ ಓಡಾಡಬೇಕಿತ್ತು, ಆಮೇಲೆ ಮೂರು ವಾರಕ್ಕೆ ಇಳಿಯಿತು. 2020ರಲ್ಲಿ ಬಂದ ಫಾಸ್ಟ್-ಫಾರ್ವರ್ಡ್ ಅಧ್ಯಯನ ಒಂದೇ ವಾರದಲ್ಲಿ 5 ಸಲ ಕೊಟ್ಟರೂ ಫಲ ಕಡಿಮೆಯಾಗುವುದಿಲ್ಲ ಎಂದು ತೋರಿಸಿತು. ನಿಮಗೆ 5 ದಿನದ ಚಿಕಿತ್ಸೆ ಸಿಗುವುದಾದರೆ, ಮಂಡಿ ನೋವನ್ನೂ ನೋಡಿ, ನಾನು ಮಾಡಿಸಿಕೊಳ್ಳಿ ಎನ್ನುತ್ತೇನೆ. ಮಾತ್ರೆ ಮೈಗೆ ಒಗ್ಗುತ್ತದೆ, ನಾನು ಬಿಡುವುದಿಲ್ಲ ಎಂಬ ಧೈರ್ಯ ನಿಮಗಿದ್ದರೆ ಬೇಡ ಎನ್ನುವುದೂ ತಪ್ಪಲ್ಲ.

ಇದನ್ನು ಓದುವ ಬೇರೆಯವರು ದಯವಿಟ್ಟು ಗಮನಿಸಿ. ವಯಸ್ಸು ಕಡಿಮೆ, ಈಆರ್ ನೆಗೆಟಿವ್, ಕಂಕುಳಿಗೆ ಹರಡಿದೆ ಎಂದಾದರೆ ಈ ಉತ್ತರ ನಿಮಗಲ್ಲ. ಸ್ತನ ಉಳಿಸುವ ಆಪರೇಷನ್ ಆದ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಲೆಕ್ಕವನ್ನು 2011ರಲ್ಲಿ ಒಟ್ಟು ಸೇರಿಸಿ ನೋಡಿದಾಗ, 15 ವರ್ಷದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ರೇಡಿಯೇಷನ್ ಇಲ್ಲದೆ ನೂರಕ್ಕೆ 25, ರೇಡಿಯೇಷನ್ ಆದವರಲ್ಲಿ 21. ಅಂಥವರಿಗೆ ಇದು ಜೀವ ಉಳಿಸುವ ಚಿಕಿತ್ಸೆ.

ಅಮ್ಮಾ, ಮುಂದಿನ ಸಲ ಮಗನನ್ನೂ ಯಜಮಾನರನ್ನೂ ಜೊತೆಗೇ ಕರೆದುಕೊಂಡು ಹೋಗಿ. ಈಆರ್ ಎಷ್ಟು ಪಾಸಿಟಿವ್ ಎಂದು ಕೇಳಿ. ಅದು ತೀರಾ ಕಡಿಮೆ ಇದ್ದರೆ, ಅಥವಾ ತೆಗೆದ ಗಡ್ಡೆಯ ಅಂಚು ಕ್ಲಿಯರ್ ಇಲ್ಲದಿದ್ದರೆ (ಅಂಚಿನವರೆಗೂ ಕ್ಯಾನ್ಸರ್ ಕಂಡಿದ್ದರೆ), ರೇಡಿಯೇಷನ್ ಬೇಡ ಎನ್ನಬೇಡಿ. ಮಾತ್ರೆಯಿಂದ ಮೂಳೆ ಸವೆಯಬಹುದಾದ್ದರಿಂದ, ಮೂಳೆ ಎಷ್ಟು ಗಟ್ಟಿ ಇದೆ ಎಂದು ನೋಡುವ ಡೆಕ್ಸಾ ಸ್ಕ್ಯಾನ್ ಕೂಡ ಮಾಡಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ. ಆಪರೇಷನ್ ಆಗಿ ತಿಂಗಳಾಗಿದೆ. ರೇಡಿಯೇಷನ್ ಸಾಮಾನ್ಯವಾಗಿ ಎರಡು-ಮೂರು ತಿಂಗಳೊಳಗೆ ಶುರುವಾಗಬೇಕು. ಹಾಗಾಗಿ ಈ ಭೇಟಿಯನ್ನು ಮುಂದಕ್ಕೆ ಹಾಕಬೇಡಿ.