ಪ್ಯೂರಿಫೈಯರ್‌ಗೆ ಚಂದಾ ಎತ್ತುವ ಮೊದಲು ಗೋಡೆ ಕಡೆ ನೋಡಿ

ಮೇಡಂ, ಮಗಳ ಕ್ಲಾಸಿಗೆ ಏರ್ ಪ್ಯೂರಿಫೈಯರ್ ಕೊಡಿಸಲು ಚಂದಾ ಎತ್ತುತ್ತಿದ್ದೀರಿ. ಮೀಟರ್‌ನಲ್ಲಿ 2,300 ಬಂದ ಫೋಟೋವನ್ನು ಪೋಷಕರ ಗುಂಪಿಗೆ ಹಾಕಿ ಪ್ರಿನ್ಸಿಪಾಲರನ್ನು ಕೇಳುತ್ತೇನೆ ಅಂತಲೂ ಬರೆದಿದ್ದೀರಿ. ಎರಡನ್ನೂ ಸ್ವಲ್ಪ ತಡೆಯಿರಿ. ನಾವೂ ಇದೇ ದಾರಿಯಲ್ಲಿ ಹೋಗಿ ದುಡ್ಡೂ ಕಳೆದುಕೊಂಡೆವು, ಶಾಲೆಯವರ ಜೊತೆ ಮುಖವೂ ಕೆಡಿಸಿಕೊಂಡೆವು.

2,300 ಅನ್ನುವುದು ಸಿಓಟು, ಅಂದರೆ ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್. ಪ್ಯೂರಿಫೈಯರ್ ಅದನ್ನು ಇಳಿಸುವುದೇ ಇಲ್ಲ. ಅದರೊಳಗಿನ ಹೆಪಾ ಫಿಲ್ಟರ್ ಹಿಡಿಯುವುದು ಧೂಳು, ಹೊಗೆ, ವೈರಸ್ ಇರುವ ಕಣಗಳನ್ನು. ಅದೂ ಬೇಕು, ಇಲ್ಲ ಅನ್ನುತ್ತಿಲ್ಲ. ಆದರೆ ಈ ಮೀಟರ್ ತೋರಿಸಿ ಆ ಮೆಷಿನ್ ಕೇಳಿದರೆ, ಮೆಷಿನ್ ಬಂದ ಮೇಲೂ ಮೀಟರ್ ಅಷ್ಟೇ ತೋರಿಸುತ್ತದೆ. ಆಮೇಲೆ ನಿಮ್ಮ ಮುಂದಿನ ಪತ್ರವನ್ನು ಯಾರೂ ಓದುವುದಿಲ್ಲ.

ಲೆಕ್ಕ ನೋಡಿ. 9 ಮೀಟರ್ ಉದ್ದ, 6 ಅಗಲ, 3 ಎತ್ತರದ ರೂಮು ಅಂದರೆ 162 ಘನಮೀಟರ್. 40 ಮಕ್ಕಳು ಸುಮ್ನೆ ಕೂತು ಉಸಿರಾಡಿದರೂ, ಎಲ್ಲ ಮುಚ್ಚಿದ್ದರೆ ಸಿಓಟು ನಿಮಿಷಕ್ಕೆ ಸುಮಾರು 40 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಅನ್ನುವ ಅಳತೆ) ಏರುತ್ತದೆ. ಹೊರಗಿನ ಗಾಳಿಯಲ್ಲಿ 420ರ ಆಸುಪಾಸು ಇರುತ್ತದೆ. ಅರ್ಧ ಗಂಟೆಗೆ 1,600! ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಸೀಲಿಂಗ್ ಫ್ಯಾನೂ ಅಷ್ಟೇ, ಕಲಕುತ್ತದೆ. ಬೆಂಗಳೂರಿನ ಹವೆಯಲ್ಲಿ ಕ್ಲಾಸಿಗೆ ಎಸಿ ಹಾಕಿ, ಅದನ್ನು ಬ್ರೋಷರ್‌ನಲ್ಲಿ ದೊಡ್ಡದಾಗಿ ಅಚ್ಚು ಹಾಕಿಸುವವರಿಗೆ ಏನು ಹೇಳೋದು. ಎತ್ತರದ ಹೆಂಚಿನ ಮಾಡು, ಎರಡೂ ಕಡೆ ಕಿಟಕಿ, ಮೇಲೆ ಜಾಲಂಧ್ರ ಇದ್ದ ಹಳೇ ಸರ್ಕಾರಿ ಶಾಲೆಗಳಲ್ಲಿ ಈ ಗೋಳೇ ಇರಲಿಲ್ಲ, ಅಲ್ವಾ?

ನಮಗೆ ಕೆಲಸ ಮಾಡಿದ್ದು ಎಕ್ಸಾಸ್ಟ್ ಫ್ಯಾನ್. ಮೇಲೆ ಹೇಳಿದ ರೂಮನ್ನು 1,000ದ ಆಸುಪಾಸಿನಲ್ಲಿ ಇಡಲು ಗಂಟೆಗೆ ಸುಮಾರು 750 ಘನಮೀಟರ್ ಹೊಸ ಗಾಳಿ ಬೇಕು. ಒಳ್ಳೆಯ 12 ಇಂಚಿನ ಮೆಟಲ್ ಫ್ಯಾನ್ ಇದನ್ನು ಎಳೆಯುತ್ತದೆ. ಡಬ್ಬದ ಮೇಲಿನ ಅಂಕಿ ಇದಕ್ಕಿಂತ ಚೆನ್ನಾಗಿ ಜಾಸ್ತಿ ಇರುವುದನ್ನೇ ಆರಿಸಿ, ಗೋಡೆಗೆ ಕೂರಿಸಿದ ಮೇಲೆ ಅಷ್ಟು ಬರುವುದಿಲ್ಲ. ಕ್ರಾಂಪ್ಟನ್ ಆಗಲಿ ಹ್ಯಾವೆಲ್ಸ್ ಆಗಲಿ, ತಲೆ ಕೆಡಿಸಿಕೊಳ್ಳಬೇಡಿ. 900 ಆರ್‌ಪಿಎಂನದು ತಗೊಳ್ಳಿ, 1400ರದ್ದು ಬೇಡ. ಅದರ ಸದ್ದಿಗೆ ಟೀಚರ್ ಮೊದಲನೇ ದಿನವೇ ಆಫ್ ಮಾಡುತ್ತಾರೆ, ತಪ್ಪು ಅವರದಲ್ಲ.

ಎಲ್ಲಿ ಹಾಕುತ್ತೀರಿ ಅನ್ನೋದೇ ಮುಖ್ಯ. ರಸ್ತೆ ಕಡೆ ಗೋಡೆಯ ಮೇಲ್ಭಾಗದಲ್ಲಿ, ಗಾಳಿ ಹೊರಗೆ ತಳ್ಳುವ ಹಾಗೆ. ರಸ್ತೆ ಕಡೆ ಕಿಟಕಿ ಮುಚ್ಚಿ, ಆಟದ ಮೈದಾನದ ಕಡೆಯದು ತೆರೆದಿಡಿ. ಆಗ ರೂಮು ಮೈದಾನದ ಗಾಳಿ ಎಳೆದುಕೊಳ್ಳುತ್ತದೆ. ಫ್ಯಾನ್ ಪಕ್ಕದ ಕಿಟಕಿಯನ್ನೇ ತೆರೆದರೆ ಅಲ್ಲಿಂದ ಬಂದ ಗಾಳಿ ಅಲ್ಲಿಂದಲೇ ಹೋಗುತ್ತದೆ, ಹಿಂದಿನ ಬೆಂಚಿಗೆ ಏನೂ ಸಿಗುವುದಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಊದುಬತ್ತಿ ಹಚ್ಚಿಕೊಂಡು ಮೂಲೆ ಮೂಲೆ ಸುತ್ತಿ. ಹೊಗೆ ಯಾವ ಕಡೆ ಬಾಗುತ್ತದೆ, ಎಲ್ಲಿ ಸುಮ್ನೆ ನಿಲ್ಲುತ್ತದೆ, ಕಣ್ಣಿಗೇ ಕಾಣುತ್ತದೆ. ಪ್ರಿನ್ಸಿಪಾಲರನ್ನೂ ಕರೆದು ತೋರಿಸಿ, ಪಿಪಿಎಂ ಅಂದರೆ ಅರ್ಥವಾಗದವರಿಗೂ ಇದು ಅರ್ಥವಾಗುತ್ತದೆ. ಫೈರ್ ಅಲಾರಂ ಇದ್ದರೆ ಮೊದಲೇ ಹೇಳಿಡಿ. ಎದುರು ಕಡೆಯ ಕಿಟಕಿ ಮೈದಾನಕ್ಕಲ್ಲ, ಎಲ್ಲ ಕಡೆ ಮುಚ್ಚಿದ ಕಾರಿಡಾರ್‌ಗೆ ತೆರೆದರೆ ಫ್ಯಾನಿನ ಈ ಉಪಾಯ ನಡೆಯುವುದಿಲ್ಲ, ಪಕ್ಕದ ಕ್ಲಾಸಿನ ಹಳೇ ಗಾಳಿಯೇ ಬರುತ್ತದೆ.

ಇನ್ನೊಂದು, ಫ್ಯಾನಿಗೆ ಬೇರೆ ಸ್ವಿಚ್ ಕೊಡಿಸಬೇಡಿ. ಟ್ಯೂಬ್‌ಲೈಟ್ ಸ್ವಿಚ್‌ಗೇ ವೈರ್ ಎಳೆಸಿ. ಲೈಟ್ ಹಾಕಿದರೆ ಫ್ಯಾನ್ ತಿರುಗಬೇಕು, ಅಷ್ಟೇ. ಫ್ಯಾನಿನ ಶಟರ್‌ಗೆ ಧೂಳು ಕಟ್ಟಿ ಅರ್ಧ ಮಾತ್ರ ತೆರೆಯುತ್ತದೆ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಒರೆಸಿಸಿ.

ನಿಮ್ಮ ಮೀಟರ್ ಫೋಟೋ ನೋಡಿದರೆ ಅಗ್ಗದ್ದು ಅನ್ನಿಸುತ್ತದೆ. ಅಂಥವು ಬಹಳಷ್ಟು ಸಿಓಟು ಅಳೆಯುವುದೇ ಇಲ್ಲ, ಬೇರೆ ಅನಿಲಗಳ ವಾಸನೆ ಹಿಡಿದು ಅಂದಾಜು ಅಂಕಿ ತೋರಿಸುತ್ತವೆ. ಪಕ್ಕದಲ್ಲಿ ಸ್ಯಾನಿಟೈಸರ್ ಹೊಡೆಯಿರಿ. ಅಂಕಿ ಒಮ್ಮೆಲೇ ಹಾರಿದರೆ ವಾಪಸ್ ಕಳಿಸಿ. ಇನ್‌ಫ್ರಾರೆಡ್ ಬೆಳಕಿನಿಂದ ಸಿಓಟು ಅಳೆಯುವ ಎನ್‌ಡಿಐಆರ್ ಸೆನ್ಸರ್ ಇರುವುದೇ ಬೇಕು. ಅಂಥ ಮೀಟರ್ ಅರಾನೆಟ್ 4 ದುಬಾರಿ, ಆದರೆ ನಾಲ್ಕು ಪೋಷಕರು ಸೇರಿ ಒಂದು ತಗೊಂಡು ಕ್ಲಾಸಿಂದ ಕ್ಲಾಸಿಗೆ ಸುತ್ತಿಸಬಹುದು. ಕಿಟಕಿ ಬಳಿ ಇಡಬೇಡಿ, ಮಕ್ಕಳ ಮುಖದ ಮುಂದೆಯೂ ಬೇಡ. ತಾನೇ ಕ್ಯಾಲಿಬ್ರೇಟ್ ಮಾಡಿಕೊಳ್ಳುವ ಮೀಟರ್‌ಗಳನ್ನು ಸದಾ ಮುಚ್ಚಿದ ರೂಮಲ್ಲೇ ಇಟ್ಟರೆ ಕ್ರಮೇಣ ಕಡಿಮೆ ತೋರಿಸುತ್ತವೆ. ಆಗಾಗ ಬಾಲ್ಕನಿಯಲ್ಲಿ ಇಡಿ.

ಫೋಟೋ ಮಾತ್ರ ಗುಂಪಿಗೆ ಹಾಕಲೇಬೇಡಿ. ಶಾಲೆಯವರು ಮೊದಲು ವಕೀಲರನ್ನು ಕೇಳುತ್ತಾರೆ, ಆಮೇಲೆ ಮೀಟರನ್ನೇ ನಿಷೇಧಿಸುತ್ತಾರೆ. ಟೀಚರ್ ಕೈಗೇ ಮೀಟರ್ ಕೊಡಿ. ಒಂದು ದಿನ ಕಿಟಕಿ ಮುಚ್ಚಿ, ಇನ್ನೊಂದು ದಿನ ತೆರೆದು ಬರೆದಿಡಲಿ. ಅವರಿಗೂ ತಲೆನೋವು ಬರುತ್ತಿರುತ್ತದೆ, ನಿಮ್ಮ ಪರ ನಿಲ್ಲುತ್ತಾರೆ. ಅಂಕಿಗೆ ಆಧಾರ ಕೇಳಿದರೆ ಇಂಗ್ಲೆಂಡ್ ಹೆಸರು ಹೇಳಿ. ಅಲ್ಲಿ 2021ರಲ್ಲಿ ಸರ್ಕಾರವೇ ಶಾಲೆಗಳಿಗೆ ಸಿಓಟು ಮೀಟರ್ ಹಂಚಿತು. 800ರ ಒಳಗಿದ್ದರೆ ಒಳ್ಳೆಯದು, 1,500 ದಾಟಿದ ರೂಮು ಮೊದಲು ಸರಿಮಾಡಿ ಅನ್ನುವುದು ಅಲ್ಲಿನ ಅಳತೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇಡಿ, ನಡಾವಳಿಯಲ್ಲಿ ಬರೆಸಿ.

ಎಲ್ಲ ಕಿಟಕಿಯೂ ಔಟರ್ ರಿಂಗ್ ರೋಡ್‌ನಂಥ ಗಾಡಿ ತುಂಬಿದ ರಸ್ತೆ ಕಡೆಗೇ ಇದ್ದರೆ ಕಥೆ ಬೇರೆ. ಆಗ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳನ್ನೂ ಅಳೆಯಿರಿ. ನಮ್ಮ ದೇಶದ ಮಿತಿ ದಿನದ ಸರಾಸರಿ ಘನಮೀಟರ್‌ಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. ಜಾಸ್ತಿ ಬಂದರೆ ಎಕ್ಸಾಸ್ಟ್ ಜೊತೆ ಪ್ಯೂರಿಫೈಯರ್ ಕೂಡ ಬೇಕು. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಬೇಕು ಅಂದರೆ ಈ ರೂಮಿಗೆ ಸಿಎಡಿಆರ್ (ಮೆಷಿನ್ ಗಂಟೆಗೆ ಕೊಡುವ ಶುದ್ಧ ಗಾಳಿ, ಘನಮೀಟರ್‌ನಲ್ಲಿ) ಸುಮಾರು 800 ಬೇಕು. 300ರ ಒಂದು ಮೆಷಿನ್ ಸಾಲುವುದಿಲ್ಲ. ಡಬ್ಬದ ಮೇಲಿನ ಅಂಕಿ ಫುಲ್ ಸ್ಪೀಡಿನದು, ಕ್ಲಾಸಲ್ಲಿ ಓಡುವುದು ಸ್ಲೀಪ್ ಮೋಡ್. ಫಿಲ್ಟರ್ ಬದಲಿಸಲು ಮುಂದಿನ ವರ್ಷ ಯಾರು ದುಡ್ಡು ಕೊಡುತ್ತಾರೆ ಅಂತ ಈಗಲೇ ಬರೆಸಿಕೊಳ್ಳಿ. ಅಯಾನೈಸರ್, ಓಝೋನ್ ಅಂತ ಯಾರಾದರೂ ಮಾರಲು ಬಂದರೆ ಗೇಟಿನಲ್ಲೇ ಕಳಿಸಿ, ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು. ದೆಹಲಿ ಕಡೆ ಇರುವವರು ನವೆಂಬರ್‌ನಲ್ಲಿ ನನ್ನ ಮಾತು ಕೇಳಿ ಕಿಟಕಿ ತೆರೆಯಬೇಡಿ, ಅಲ್ಲಿನ ಲೆಕ್ಕವೇ ಬೇರೆ.

ದುಡ್ಡಿಲ್ಲದೆ ಆಗುವ ಕೆಲಸ ಒಂದಿದೆ. ಬಿಡುವ ಹೊತ್ತಿಗೆ ಗೇಟಿನಲ್ಲಿ ಸ್ಕೂಲ್ ಬಸ್‌ಗಳು ಎಂಜಿನ್ ಆಫ್ ಮಾಡದೆ ನಿಂತಿರುತ್ತವೆ. ಆ ಡೀಸೆಲ್ ಹೊಗೆ ನೇರ ಎಲ್‌ಕೆಜಿ ಕಿಟಕಿಗೆ. ಸಾರಿಗೆ ನೋಡಿಕೊಳ್ಳುವವರಿಗೆ ಹೇಳಿ ಆಫ್ ಮಾಡಿಸಿ. ಹಾಗೇ ಮಕ್ಕಳನ್ನು ಕರೆದೊಯ್ಯಲು ಬಂದು ಕಾರಿನಲ್ಲಿ ಎಸಿ ಹಾಕಿಕೊಂಡು ಕೂರುವ ನಮ್ಮ ಪೋಷಕರಿಗೂ ಹೇಳಿ.